ಮೈಕಮ್ಮ ಸುಮ್ಮನಾದ ತಿಂಗಳು

ನಮ್ಮ ಅತ್ತೆಯ ದನಿ ಕೇಳದವರು ಊರಿನಲ್ಲಿ ಇರಲಿಲ್ಲ. ಮುಖ ನೋಡಿದವರು ಮಾತ್ರ ಕಡಿಮೆ. ಅಪ್ಪನ ಅಕ್ಕ ಅವಳು. ಬಸ್ ನಿಲ್ದಾಣದ ಮೂಲೆಯಲ್ಲಿ ಗಾಜಿನ ಕಿಟಕಿಯ ಒಂದು ಸಣ್ಣ ಕೋಣೆ, ಒಳಗೆ ಮೇಜು, ಮೈಕು, ಕತ್ತು ತಿರುಗಿಸಲಾರದ ಒಂದು ಫ್ಯಾನು. ಅಲ್ಲಿ ಕೂತು ಯಾವ ಬಸ್ಸು ಎಲ್ಲಿಗೆ ಹೊರಟಿದೆ, ಯಾವುದು ತಡವಾಗಿದೆ ಎಂದು ಹೇಳುವುದೇ ಅವಳ ನೌಕರಿ. ಮದುವೆಯಾಗದ ಅವಳು ನಮ್ಮ ಮನೆಯಲ್ಲೇ ಇದ್ದಳು. ಊರವರಿಗೆಲ್ಲ ಅವಳು ಮೈಕಮ್ಮ. ಅಂಗಡಿಯಲ್ಲಿ ಅವಳು "ಕಾಲು ಕೆಜಿ ಸಕ್ಕರೆ ಕೊಡಿ" ಅಂದರೆ ಪಕ್ಕದಲ್ಲಿ ನಿಂತವರು ಗಾಬರಿಯಾಗಿ ಚೀಲ ಎತ್ತಿಕೊಳ್ಳುತ್ತಾರೆ ಎಂದು ಅಪ್ಪ ತಮಾಷೆ ಮಾಡುತ್ತಿದ್ದ.

ಅವಳು ನಿವೃತ್ತಳಾದಾಗ ಅವಳ ಜಾಗಕ್ಕೆ ಮನುಷ್ಯರು ಬರಲಿಲ್ಲ, ಯಂತ್ರ ಬಂತು. ಮನೆಗೆ ಬಂದು ಕೂತ ಅತ್ತೆಗೆ ಕೈಕಾಲು ಕಟ್ಟಿಹಾಕಿದಂತಾಯಿತು. ನಮ್ಮನ್ನೇ ಪ್ರಯಾಣಿಕರನ್ನಾಗಿ ಮಾಡಿಕೊಂಡಳು. ಬೆಳಿಗ್ಗೆ ಹಜಾರದಲ್ಲಿ ನಿಂತು, "ನೀರು ಕಾದಿದೆ, ಸ್ನಾನ ಮಾಡೋರು ಈಗಲೇ ಹೊರಡಿ, ಆಮೇಲೆ ಸಿಗಲ್ಲ" ಎನ್ನುವಳು. ನಾನು ಆಗ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದೆ. ಅಮ್ಮ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮನೆಯಲ್ಲಿ ಅಪ್ಪ, ಅತ್ತೆ, ನಾನು, ಮೂವರೇ.

ಅದೇ ಹೊತ್ತಿಗೆ ಅಪ್ಪನ ಮೂತ್ರಪಿಂಡಗಳು ಕೈಕೊಟ್ಟವು. ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಲೇಬೇಕು ಎಂದರು ಡಾಕ್ಟರು. ಯಂತ್ರವಿದ್ದದ್ದು ಗುಡ್ಡದಾಚೆಯ ದೊಡ್ಡ ಊರಿನ ಆಸ್ಪತ್ರೆಯಲ್ಲಿ. ಎರಡು ಬಸ್ಸು ಬದಲಾಯಿಸಿ ಹೋಗಬೇಕು. ಹೋಗುವುದು ಹೇಗೋ ಆಗುತ್ತಿತ್ತು, ಬರುವುದೇ ಕಷ್ಟ. ನಾಲ್ಕು ತಾಸು ರಕ್ತವೆಲ್ಲ ಯಂತ್ರದೊಳಗೆ ಸುತ್ತಿ ಬಂದ ಮೇಲೆ ಮನುಷ್ಯ ಹಿಂಡಿ ಒಣಗಹಾಕಿದ ಬಟ್ಟೆಯಂತಾಗಿರುತ್ತಾನೆ. ಅಂಥ ಸ್ಥಿತಿಯಲ್ಲಿ ಅಪ್ಪ ಬಸ್ಸಿನ ಕಂಬಿ ಹಿಡಿದು ನಿಂತುಕೊಂಡು ಬರುತ್ತಿದ್ದ.

ಒಂದು ಮಧ್ಯಾಹ್ನ ಅವನು ಬಸ್ಸಿನಲ್ಲೇ ಕುಸಿದುಬಿದ್ದ. ಕುಡಿದಿದ್ದಾನೆ ಎಂದುಕೊಂಡರು ಜನ. ಯಾರೋ ಮೂಗು ಮುಚ್ಚಿಕೊಂಡರಂತೆ. ದಾರಿಮಧ್ಯದ ನಿಲ್ದಾಣದಲ್ಲಿ ಅವನನ್ನು ಇಳಿಸಿ ಬಸ್ಸು ಹೋಯಿತು. ಸಿಮೆಂಟಿನ ಬೆಂಚಿನ ಮೇಲೆ ತಲೆ ಬಗ್ಗಿಸಿ ಕೂತಿದ್ದ ಅವನನ್ನು ನಮ್ಮ ಬೀದಿಯ ಬೇಕರಿಯವನು ನೋಡಿ, ವ್ಯಾನು ನಿಲ್ಲಿಸಿ, ಹತ್ತಿಸಿಕೊಂಡು ಮನೆಗೆ ತಂದುಬಿಟ್ಟ. ಎಲ್ಲರೂ ಬೇಕರಿಯಣ್ಣ ಎಂದು ಕರೆಯುತ್ತಿದ್ದ ಆತ ದಿನವೂ ಬೆಳಿಗ್ಗೆ ಆ ದೊಡ್ಡ ಊರಿನ ಅಂಗಡಿಗಳಿಗೆ ಬ್ರೆಡ್ಡು ಹಾಕಿ, ಬೇರೆ ಕೆಲಸ ಮುಗಿಸಿ, ಮಧ್ಯಾಹ್ನ ಖಾಲಿ ವ್ಯಾನಿನಲ್ಲಿ ವಾಪಸು ಬರುತ್ತಿದ್ದ.

ಅಪ್ಪನನ್ನು ಮಲಗಿಸಿದ ಮೇಲೆ ಅತ್ತೆ ಚಪ್ಪಲಿ ಮೆಟ್ಟಿಕೊಂಡು ಸೀದಾ ಬೇಕರಿಗೆ ಹೋದಳು. ನಾನೂ ಹಿಂದೆಯೇ ಹೋದೆ.

"ಏನಪ್ಪಾ, ನಿನ್ನ ವ್ಯಾನು ದಿನಾ ಅಲ್ಲಿಗೇ ಹೋಗುತ್ತಾ?"

"ಹೂಂ ಅಮ್ಮ. ಹಿಟ್ಟು ನಾದೋ ಯಂತ್ರ ಕೆಟ್ಟ ದಿನ ಬಿಟ್ಟು."

"ಮುಂದಿನ ಸೀಟಲ್ಲಿ ಯಾರು ಕೂರ್ತಾರೆ?"

"ಯಾರೂ ಇಲ್ಲ. ನಮ್ಮ ರೇಡಿಯೋ ಕೂರುತ್ತೆ."

"ಆ ರೇಡಿಯೋನ ಹಿಂದಕ್ಕೆ ಹಾಕು. ನಮ್ಮ ತಮ್ಮ ಕೂರ್ತಾನೆ."

ಬೇಕರಿಯಣ್ಣ ನಕ್ಕುಬಿಟ್ಟ. "ಇಷ್ಟು ದಿನದಿಂದ ಪಕ್ಕದಲ್ಲೇ ಇದೀರಿ, ಒಂದು ಮಾತು ಹೇಳಬಾರದಾ? ಮುಂದಿನ ಸಲದಿಂದಲೇ ಬರಲಿ."

ಅವತ್ತು ಮನೆಗೆ ವಾಪಸು ಬರುವಾಗ ಅತ್ತೆ ಬೀದಿಯಲ್ಲಿ ನಿಂತ ಗಾಡಿಗಳನ್ನೆಲ್ಲ ಒಂದೊಂದಾಗಿ ನೋಡುತ್ತಾ ನಡೆದಳು. "ಇಷ್ಟು ವರ್ಷ ಬಸ್ಸೊಂದೇ ಲೆಕ್ಕಕ್ಕೆ ಇಟ್ಕೊಂಡಿದ್ದೆ ನೋಡು," ಎಂದಳು.

ಅಪ್ಪನ ಜೊತೆ ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ನಮ್ಮೂರಿನ ಡ್ರಾಯಿಂಗ್ ಮೇಷ್ಟ್ರು ಒಬ್ಬರಿದ್ದರು. ಒಂಟಿ ಜೀವ, ಹಾಸ್ಯದ ಮನುಷ್ಯ. ಅವರಿಗೂ ಒಂದು ಸೀಟು ಬೇಕಾಯಿತು. ಟೈರ್ ಅಂಗಡಿಯವನು ವಾರಕ್ಕೆರಡು ಸಲ ಸರಕು ತರಲು ಹೋಗುತ್ತಾನೆ ಎಂದು ಅತ್ತೆ ಪತ್ತೆ ಮಾಡಿದಳು. ಕಾಲೇಜಿನಲ್ಲಿ ಪಾಠ ಮಾಡುವ ಒಬ್ಬರು ದಿನವೂ ಒಬ್ಬರೇ ಕಾರಿನಲ್ಲಿ ಹೋಗುತ್ತಿದ್ದರು. ಅವಳು ಕೇಳಿದವರಲ್ಲಿ ಆಗುವುದಿಲ್ಲ ಎಂದವರು ಕಡಿಮೆ. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ಅಷ್ಟೆ. ಹೇಗೂ ಹೋಗುವ ಗಾಡಿ, ಹೇಗೂ ಖಾಲಿ ಇರುವ ಸೀಟು. ಒಂದು ವರ್ಷ ಕಳೆಯುವುದರೊಳಗೆ ನಮ್ಮೂರಿನ ರೋಗಿಗಳು ಯಾರೂ ಬಸ್ಸಿನಲ್ಲಿ ನಿಂತು ಬರುತ್ತಿರಲಿಲ್ಲ.

ಸುದ್ದಿ ಸುತ್ತಲಿನ ಊರುಗಳಿಗೆ ಹಬ್ಬಿತು. ಹೊಳೆಯಾಚೆಯ ಊರಿನಿಂದ ಫೋನು, ಗುಡ್ಡದ ಮೇಲಿನ ಊರಿನಿಂದ ಫೋನು. ಅತ್ತೆ ಎಲ್ಲವನ್ನೂ ಮೈಮೇಲೆ ಹಾಕಿಕೊಂಡಳು. ಎರಡು ಕಿವಿಗೆ ಎರಡು ಫೋನು. ಯಾರಿಗೆ ಯಾವ ದಿನ, ಯಾರ ಗಾಡಿಯ ಎಡಗಡೆ ಬಾಗಿಲು ಬಿಗಿ, ಯಾರಿಗೆ ವಾಂತಿಯಾಗುತ್ತದೆ, ಎಲ್ಲ ಅವಳ ತಲೆಯಲ್ಲೇ. ಅವಳ ಮುಖದಲ್ಲಿ ಹಳೆಯ ಕಳೆ ಬಂದಿತ್ತು. ನಮಗೂ ಹೆಮ್ಮೆ.

ಆದರೆ ಅವಳು ಹೇಳುವ ರೀತಿ ಬದಲಾಗಿರಲಿಲ್ಲ. ಮೈಕಿನ ಮುಂದೆ ಕೂತವರಿಗೆ ಎದುರುಮಾತು ಕೇಳಿಸುವುದಿಲ್ಲವಲ್ಲ. ಗಾಡಿ ಕೊಟ್ಟವರು ಅವಳ ಪಾಲಿಗೆ ಡಿಪೋದ ಸಿಬ್ಬಂದಿ. ತಡವಾದರೆ ಬೈಗುಳ, ದಾರಿ ಬದಲಿಸಿದರೆ ಬೈಗುಳ. ಟೈರ್ ಅಂಗಡಿಯವನು ಒಂದು ದಿನ ರೋಗಿಯೊಬ್ಬರಿಗೆ ದಾರಿಯಲ್ಲಿ ಟೀ ಕೊಡಿಸಿದ್ದಕ್ಕೆ, "ಅವರಿಗೆ ನೀರು ಅಳೆದು ಕೊಡಬೇಕು, ನಿನಗ್ಯಾರು ಹೇಳಿದ್ದು?" ಎಂದು ಝಾಡಿಸಿದಳು. ಮಾತು ಸರಿಯೇ ಇತ್ತು, ಕುಡಿದ ನೀರು ಅವರ ಮೈಯಲ್ಲೇ ಉಳಿದುಬಿಡುತ್ತದೆ. ಆದರೂ ಅವನು ಮುಂದಿನ ವಾರದಿಂದ ಸರಕು ತರುವ ದಿನವನ್ನೇ ಬದಲಾಯಿಸಿಕೊಂಡ.

ಗುಡ್ಡದ ಮೇಲಿನ ಊರಿನಲ್ಲಿ ಗಿಡಗಳ ನರ್ಸರಿ ಇಟ್ಟುಕೊಂಡಿದ್ದ ಹೆಂಗಸೊಬ್ಬಳು ತನ್ನ ಪಿಕಪ್ಪಿನಲ್ಲಿ ರೋಗಿಗಳನ್ನು ಕರೆದೊಯ್ಯುತ್ತಿದ್ದಳು. ಅವಳನ್ನು ಎಲ್ಲರೂ ಗಿಡದಕ್ಕ ಎನ್ನುತ್ತಿದ್ದರು. ಒಮ್ಮೆ ಫೋನಿನಲ್ಲಿ ಆಕೆ ಮೆಲ್ಲಗೆ ಕೇಳಿದಳು. "ಅಕ್ಕ, ನಮ್ಮೂರಲ್ಲಿ ನಾವು ನಾಲ್ಕೈದು ಜನ ಸೇರಿದ್ದೀವಿ. ಇಲ್ಲಿಂದ ಯಾರನ್ನ ಯಾರು ಕರ್ಕೊಂಡು ಹೋಗೋದು ಅಂತ ನಾವೇ ಮಾತಾಡ್ಕೊಳ್ಳೋಣ ಅಂತಿದ್ದೀವಿ. ನಿಮಗೂ ಭಾರ ಕಡಿಮೆಯಾಗುತ್ತೆ."

"ನನಗೇನೂ ಭಾರ ಇಲ್ಲಮ್ಮ. ಒಬ್ಬೊಬ್ಬರು ಒಂದೊಂದು ಹೇಳಿದ್ರೆ ಎಲ್ಲ ಎಡವಟ್ಟಾಗುತ್ತೆ. ಒಂದೇ ಕಡೆಯಿಂದ ಬರಲಿ."

"ಆಯ್ತಕ್ಕ," ಎಂದಳು ಗಿಡದಕ್ಕ. ಆ 'ಆಯ್ತು' ಎಷ್ಟು ತಣ್ಣಗಿತ್ತೆಂದರೆ ಸ್ಪೀಕರಿನಲ್ಲಿ ಕೇಳುತ್ತಿದ್ದ ನನಗೂ ಗೊತ್ತಾಯಿತು. ಅತ್ತೆಗೆ ಗೊತ್ತಾಗಲಿಲ್ಲ.

ಬೇಕರಿಯಣ್ಣ ಹೋದದ್ದು ಎಲ್ಲಕ್ಕಿಂತ ದೊಡ್ಡ ಪೆಟ್ಟು. ಅವನ ವ್ಯಾನಿನ ಚಕ್ರ ಪಂಕ್ಚರಾಗಿ ರೋಗಿಗಳು ಆಸ್ಪತ್ರೆಗೆ ತಡವಾಗಿ ಮುಟ್ಟಿದರು. ಅತ್ತೆ ಫೋನು ಮಾಡಿ ತರಾಟೆಗೆ ತೆಗೆದುಕೊಂಡಳು. ಅವನ ಫೋನು ವ್ಯಾನಿನ ಸ್ಪೀಕರಿಗೆ ಜೋಡಿಸಿತ್ತು. ಒಳಗಿದ್ದವರೆಲ್ಲರ ಮುಂದೆ ಅವನ ಮಾನ ಹೋಯಿತು. ಸಂಜೆ ಅವನು ಮನೆ ಬಾಗಿಲಿಗೆ ಬಂದ. ಒಳಗೆ ಬಾ ಎಂದರೂ ಬರಲಿಲ್ಲ.

"ಅಮ್ಮಾ, ನಾನು ನಿಮ್ಮ ಡಿಪೋದ ಡ್ರೈವರಲ್ಲ. ಪ್ರೀತಿಯಿಂದ ಬರ್ತಿದ್ದೆ. ಇನ್ಮೇಲೆ ನನ್ನ ಬಿಟ್ಟುಬಿಡಿ."

"ಹೋಗ್ಲಿ ಬಿಡು, ಬೇರೆಯವರಿದಾರೆ," ಎಂದಳು ಅತ್ತೆ, ಅವನು ಹೋದ ಮೇಲೆ. ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ.

ಬೇರೆಯವರು ಅಷ್ಟೇನೂ ಇರಲಿಲ್ಲ. ಕಡಿಮೆ ಜನರನ್ನು ಎಳೆದಾಡಲು ಅತ್ತೆ ಇನ್ನಷ್ಟು ಫೋನು ಮಾಡಬೇಕಾಯಿತು, ಇನ್ನಷ್ಟು ಕೂಗಾಡಬೇಕಾಯಿತು. ಗಂಟಲು ಕಟ್ಟತೊಡಗಿತು. ಬಿಸಿನೀರು ಕುಡಿದಳು, ಜೇನು ನೆಕ್ಕಿದಳು, ಫೋನು ಮಾತ್ರ ಬಿಡಲಿಲ್ಲ. ದನಿ ಹರಿದ ಬಟ್ಟೆಯಂತೆ ಅಲ್ಲಲ್ಲಿ ಬಿಟ್ಟುಹೋಗುತ್ತಿತ್ತು.

ಒಂದು ದಿನ ಡ್ರಾಯಿಂಗ್ ಮೇಷ್ಟ್ರನ್ನು ಕರೆದೊಯ್ಯಲು ಹೊಸಬನೊಬ್ಬನಿಗೆ ಹೇಳಿದಳು. "ಬೇಗ ಬಾಪ್ಪ" ಎಂದಳು. ಅವನಿಗೆ "ಬೇಡಪ್ಪ" ಎಂದು ಕೇಳಿಸಿತು. ಅವನು ತನ್ನ ಕೆಲಸಕ್ಕೆ ಹೋದ. ಮೇಷ್ಟ್ರು ಚೀಲ ಮಡಿಲಲ್ಲಿಟ್ಟುಕೊಂಡು ಗೇಟಿನ ಪಕ್ಕ ಕುರ್ಚಿ ಹಾಕಿ ಕಾದರು. ಗಾಡಿ ಬರಲಿಲ್ಲ. ಅವರು ಯಾರಿಗೂ ಫೋನು ಮಾಡಲಿಲ್ಲ. ಮೈಕಮ್ಮ ಮರೆಯುವವಳಲ್ಲ, ಏನೋ ತೊಂದರೆಯಾಗಿರಬೇಕು, ಇನ್ನೇನು ಬಂದೀತು ಎಂದುಕೊಂಡರಂತೆ. ಕೊನೆಗೆ ಒಳಗೆ ಹೋಗಿ ಮಲಗಿದರು. ಮಾರನೆಯ ದಿನ ಪಕ್ಕದ ಮನೆಯವರು ನೋಡಿದಾಗ ಶ್ವಾಸಕೋಶದಲ್ಲಿ ನೀರು ತುಂಬಿ, ಉಸಿರಿಗಾಗಿ ಒದ್ದಾಡುತ್ತಿದ್ದರು.

ಜೀವ ಉಳಿಯಿತು. ಆದರೆ ಎಷ್ಟೋ ದಿನ ತೀವ್ರ ನಿಗಾ ಘಟಕದಲ್ಲಿ ಇರಬೇಕಾಯಿತು. ಅವರನ್ನು ವಾರ್ಡಿಗೆ ತಂದ ಮೇಲೆ ಅತ್ತೆ ನೋಡಲು ಹೋದಳು. ಮಂಚದ ಪಕ್ಕ ನಿಂತವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. 

"ಅಳಬೇಡಿ ಮೈಕಮ್ಮ," ಎಂದರು ಮೇಷ್ಟ್ರು, ಮೂಗಿನ ಕೊಳವೆ ಸರಿಸಿಕೊಂಡು. "ಬಸ್ ತಡವಾಗಿತ್ತು, ಅಷ್ಟೆ. ರದ್ದಾಗಿರಲಿಲ್ಲ."

ಅವಳಿಗೆ ನಗು ಬರಲಿಲ್ಲ. ಅಲ್ಲಿಂದಲೇ ನಾನು ಅವಳನ್ನು ಅದೇ ಆಸ್ಪತ್ರೆಯ ಗಂಟಲಿನ ಡಾಕ್ಟರ ಬಳಿಗೆ ಕರೆದೊಯ್ದೆ. ಧ್ವನಿತಂತುವಿನ ಮೇಲೆ ಗಂಟು ಬೆಳೆದಿತ್ತು. ಮಾತಾಡಿ ಮಾತಾಡಿ ಬಂದದ್ದು, ಕೆಟ್ಟ ಗಡ್ಡೆಯಲ್ಲ, ತೆಗೆಯಬಹುದು ಎಂದರು. "ಆದರೆ ತೆಗೆದ ಮೇಲೆ ಮೊದಲೆರಡು ವಾರ ಒಂದು ಶಬ್ದವೂ ಬೇಡ. ಪಿಸುಮಾತೂ ಬೇಡ. ತಿಂಗಳು ಕಳೆಯೋವರೆಗೆ ಫೋನು ಮುಟ್ಟಬೇಡಿ. ಇಲ್ಲಾಂದ್ರೆ ದನಿ ಹೋಗೇಬಿಡುತ್ತೆ."

ಹೀಗೆ ನಮ್ಮ ಮೈಕಮ್ಮ ಗಂಟು ತೆಗೆಸಿಕೊಂಡು, ಕೈಯಲ್ಲಿ ಸ್ಲೇಟು ಹಿಡಿದು ಮನೆಗೆ ಬಂದಳು.

ಮೇಜಿನ ಮೇಲೆ ಎರಡೂ ಫೋನು ಬಡಿದುಕೊಳ್ಳುತ್ತಿದ್ದವು. ಅವಳು ನನ್ನ ಕಡೆ ನೋಡಿದಳು. ನಾನು ಅಂಗಡಿಗೆ ಹೊರಟವಳು ಬಾಗಿಲಲ್ಲೇ ನಿಂತೆ. ಆಗ ಅಪ್ಪ ಒಳಗಿನಿಂದ ನಿಧಾನವಾಗಿ ಬಂದು, ಕುರ್ಚಿ ಎಳೆದು ಕೂತು, ಫೋನು ಎತ್ತಿಕೊಂಡ. ಇಷ್ಟು ದಿನ ಯಾರು ಎಲ್ಲಿ ಕೂರಿಸಿದರೆ ಅಲ್ಲಿ ಕೂರುತ್ತಿದ್ದ ಮನುಷ್ಯ.

"ಹಲೋ... ನಾನು ಅವರ ತಮ್ಮ. ಹೌದು, ರೋಗಿಯೇ. ನಾಳೆ ನಿಮಗೆ ಬರೋಕಾಗುತ್ತಾ? ಕಷ್ಟ ಆದ್ರೆ ಹೇಳಿ, ಸಂಕೋಚ ಬೇಡ... ಆಗಲ್ವಾ? ಪರವಾಗಿಲ್ಲ. ನಿಮ್ಮ ತಾಯಿ ಹೇಗಿದಾರೆ ಈಗ?"

ಅತ್ತೆ ಸ್ಲೇಟಿನ ಮೇಲೆ ದೊಡ್ಡದಾಗಿ ಬರೆದು ಅವನ ಮುಖಕ್ಕೆ ಹಿಡಿದಳು: 'ಆಗಲ್ಲ ಅಂದ್ರೆ ಬಿಟ್ಟುಬಿಡೋದಾ?'

"ಆಗದವರಿಗೆ ಆಗಲ್ಲ ಅನ್ನೋಕೆ ಬಿಡು ಅಕ್ಕ. ಆಗ ಮಾತ್ರ ಆಗುತ್ತೆ ಅಂದಾಗ ನಂಬಬಹುದು," ಎಂದ ಅಪ್ಪ. ಇನ್ನೊಂದು ಫೋನು ಮಾಡಿದ. ಅದು ಗಿಡದಕ್ಕನಿಗೆ. "ತಂಗೀ, ನೀವು ಅವತ್ತು ಹೇಳಿದ್ರಲ್ಲ, ನಿಮ್ಮೂರನ್ನ ನೀವೇ ನೋಡ್ಕೋತೀವಿ ಅಂತ. ಇನ್ನೂ ಮನಸ್ಸಿದೆಯಾ?"

ಅತ್ತೆ ಸ್ಲೇಟನ್ನು ಮೇಜಿಗೆ ಕುಟ್ಟಿದಳು. ಮೂಲೆ ಮುರಿಯಿತು. ಅಪ್ಪ ಫೋನನ್ನು ಅಂಗೈಯಿಂದ ಮುಚ್ಚಿದ.

"ನೀನು ಕೋಪ ಮಾಡ್ಕೊಂಡ್ರೂ ಸರಿ. ಮೇಷ್ಟ್ರ ಜಾಗದಲ್ಲಿ ನಾನೂ ಇರಬಹುದಿತ್ತು. ಎಲ್ಲ ನಿನ್ನೊಬ್ಬಳ ಗಂಟಲಿಗೆ ಕಟ್ಟಿದ್ರೆ ನಿನ್ನ ಗಂಟಲು ಕಟ್ಟಿದ ದಿನ ನಾವೇನು ಮಾಡೋಣ, ಹೇಳು?"

ಅವಳು ಬಳಪವನ್ನು ಮೇಜಿನ ಮೇಲೆ ಬಿಸಾಡಿದಳು.  ಎದ್ದು ಅಡುಗೆಮನೆಗೆ ಹೋದಳು. ಅವತ್ತಿಡೀ ಪಾತ್ರೆಗಳೇ ಅವಳ ಪರವಾಗಿ ಮಾತಾಡಿದವು.

ಅಪ್ಪ ಅಚ್ಚುಕಟ್ಟಾಗೇನೂ ನಡೆಸಲಿಲ್ಲ. ಒಂದೇ ಮನೆಗೆ ಎರಡು ಗಾಡಿ ಹೋದದ್ದಿದೆ. ಹೊಳೆಯಾಚೆಯ ಊರಿನವರು ತಮ್ಮೂರನ್ನು ತಾವೇ ನೋಡಿಕೊಳ್ಳುತ್ತೇವೆ ಎಂದು ಬಾಯಿಮಾತಿಗೆ ಒಪ್ಪಿಕೊಂಡು ಮೊದಲ ವಾರ ಕೈಚೆಲ್ಲಿ ಕೂತರು. ಗಿಡದಕ್ಕ ಗುಡ್ಡದಿಂದ ಇಳಿದು ಅವರ ರೋಗಿಗಳನ್ನೂ ಹತ್ತಿಸಿಕೊಂಡು ಹೋದಳು. ಆಸ್ಪತ್ರೆಯ ಮಂಚದ ಮೇಲೆ ಒಂದು ಕೈ ಯಂತ್ರಕ್ಕೆ ಕೊಟ್ಟು, ಇನ್ನೊಂದು ಕೈಯಲ್ಲಿ ಅಪ್ಪ ಫೋನು ಹಿಡಿದಿರುತ್ತಿದ್ದ. ಅಕ್ಕಪಕ್ಕದ ಮಂಚಗಳ ರೋಗಿಗಳೂ ನಾವೂ ಒಂದೆರಡು ಫೋನು ಮಾಡುತ್ತೇವೆ ಎಂದರು. ಮಲಗಿ ಸೂರು ನೋಡುತ್ತಿದ್ದವರಿಗೆ ಕೆಲಸ ಸಿಕ್ಕಿತ್ತು. ಆ ವಾರ್ಡಿನಲ್ಲಿ ಅಷ್ಟು ನಗು ಹಿಂದೆ ಕೇಳಿರಲಿಲ್ಲ ಎಂದು ನರ್ಸು ನನಗೆ ಹೇಳಿದಳು.

ಆ ಭಾಗದ ಸಣ್ಣಪುಟ್ಟ ಸೇವಾ ಗುಂಪುಗಳಿಗೆ ತರಬೇತಿ ಕೊಡುವ ಸಂಸ್ಥೆಯೊಂದು ಇತ್ತು. ಗಿಡದಕ್ಕನಿಗೆ ಅಲ್ಲಿನ ಒಬ್ಬಾಕೆಯ ಪರಿಚಯ. ತಿಂಗಳ ಕೊನೆಗೆ ಆ ಸಂಸ್ಥೆಯಾಕೆ ಎಲ್ಲ ಊರಿನವರನ್ನೂ ಗಿಡದಕ್ಕನ ನರ್ಸರಿಗೆ ಕರೆಸಿದಳು. ಸಸಿಗಳ ಪ್ಲಾಸ್ಟಿಕ್ ತೊಟ್ಟೆಗಳನ್ನು ಗೋಡೆಗೆ ಸರಿಸಿ ಬೆಂಚು ಹಾಕಿದ್ದರು. ಮಣ್ಣಿನ ಹಸಿವಾಸನೆ. ಅತ್ತೆಯೂ ಬಂದಳು, ಸ್ಲೇಟಿನ ಸಮೇತ. ಡಾಕ್ಟರು ಹೇಳಿದ ಎರಡು ವಾರ ಮುಗಿದಿದ್ದರೂ ದನಿ ಇನ್ನೂ ಹೊರಟಿರಲಿಲ್ಲ.

ಸಂಸ್ಥೆಯ ಹೆಣ್ಣುಮಗಳು ಭಾಷಣ ಮಾಡಲಿಲ್ಲ. ಗಾಡಿಗೆ ಅಪಘಾತವಾದರೆ ಯಾರು ಹೊಣೆ, ವಿಮೆ ಹೇಗೆ ಮಾಡಿಸಬೇಕು, ಹೊಸದಾಗಿ ಬಂದವರನ್ನು ಮೊದಲ ದಿನ ಹೇಗೆ ಜೊತೆಗೆ ಕರೆದೊಯ್ಯಬೇಕು ಎಂದು ಬಿಡಿಸಿ ಹೇಳಿದಳು. ಪ್ರತಿ ಊರಿಗೂ ತನ್ನದೇ ಗುಂಪಿರಲಿ, ಒಂದು ಊರಿಗೆ ಕಷ್ಟವಾದ ದಿನ ಪಕ್ಕದ ಊರು ಕೈ ಕೊಡಲಿ ಎಂದಳು. ಆಮೇಲೆ ಒಂದು ಪ್ರಶ್ನೆ ಕೇಳಿದಳು. "ಬರ್ತಿದ್ದವರು ಯಾಕೆ ಬಿಟ್ಟರು? ಬಿಟ್ಟವರೇ ಹೇಳಿದ್ರೆ ಒಳ್ಳೇದು."

 ಹಿಂದಿನ ಬೆಂಚಿನಲ್ಲಿ ಬೇಕರಿಯಣ್ಣ ಇದ್ದ. ಅಪ್ಪನೇ ಹೋಗಿ ಕರೆದಿದ್ದ. ಅವನು ಎದ್ದ. "ನಾನು ಹೇಳ್ತೀನಿ. ಬೈಸ್ಕೊಳ್ಳೋಕೆ ನಮ್ಮಪ್ಪ ಇನ್ನೂ ಗಟ್ಟಿಯಾಗಿದಾರೆ. ಅವರೇ ಸಾಕು." ಎಲ್ಲರೂ ನಕ್ಕರು. ಅವನು ನಗಲಿಲ್ಲ. "ಅಮ್ಮನ ಮೇಲೆ ಸಿಟ್ಟಿಲ್ಲ. ಆದ್ರೆ ಅಷ್ಟು ದಿನದಲ್ಲಿ ಒಂದು ಸಲ, ಒಂದೇ ಸಲ, ಬಂದೆಯಾ, ಊಟ ಆಯ್ತಾ ಅಂತ ಕೇಳಲಿಲ್ಲ. ಅವರಿಗೆ ನಾನು ಬರೀ ಒಂದು ಗಾಡಿ ನಂಬರಾಗಿಬಿಟ್ಟಿದ್ದೆ."

ನಾನು ಅತ್ತೆಯ ಪಕ್ಕದಲ್ಲೇ ಕೂತಿದ್ದೆ.   ದನಿ ಇದ್ದಿದ್ದರೆ ಏನನ್ನುತ್ತಿದ್ದಳೋ, ನೂರು ಕಾರಣ ಇದ್ದವು ಅವಳ ಬಳಿ. ಸ್ಲೇಟಿನ ಮೇಲೆ ಬರೆದಳು, ಸೆರಗಿನಿಂದ ಒರೆಸಿದಳು. ಮತ್ತೆ ಬರೆದಳು, ಮತ್ತೆ ಒರೆಸಿದಳು. ಕೊನೆಗೆ ಎದ್ದು ಬೆಂಚುಗಳ ನಡುವೆ ನಡೆದು ಹೋಗಿ ಬೇಕರಿಯಣ್ಣನ ಮುಂದೆ ಹಿಡಿದಳು. 'ತಪ್ಪಾಯ್ತು. ನಾಳೆ ಬರೋಕಾಗುತ್ತಾ?'

ಅವನು ಓದಿದ. ತಲೆ ಕೆರೆದುಕೊಂಡ. "ನಾಳೆ ಆಗಲ್ಲಮ್ಮ, ಯಂತ್ರ ರಿಪೇರಿ ಇದೆ. ನಾಡಿದ್ದು ಬರ್ತೀನಿ."

ಅತ್ತೆ ತಲೆಯಾಡಿಸಿದಳು. ಆಗಲ್ಲ ಎಂಬ ಮಾತಿಗೆ ಅವಳು ತಲೆಯಾಡಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ದನಿ ಮರಳಿ ಬಂತು, ಆದರೆ ಸಣ್ಣದಾಗಿ, ಸ್ವಲ್ಪ ಒರಟಾಗಿ. ಅಪ್ಪ ಫೋನನ್ನು ಅವಳ ಮುಂದಿಟ್ಟ. ಅವಳು ಅದನ್ನು ತಿರುಗಿಸಿ ನೋಡಿ, "ವಾರದಲ್ಲಿ ಒಂದು ದಿನ ಸಾಕು ನನಗೆ," ಎಂದಳು. ಮಿಕ್ಕ ದಿನಗಳನ್ನು ಮೇಷ್ಟ್ರು, ಕಾಲೇಜಿನವರು ಮತ್ತು ಇನ್ನೂ ಕೆಲವರು ಹಂಚಿಕೊಂಡರು. ಅವಳು ಸಂತಳಾಗಿಬಿಟ್ಟಳು ಎಂದಲ್ಲ. ಬೇರೆಯವರ ಸರದಿಯ ದಿನ ಪಕ್ಕದಲ್ಲೇ ಕೂತು ನಿಟ್ಟುಸಿರು ಬಿಡುವಳು. ಹೊಳೆಯಾಚೆಯವರು ತಮ್ಮ ಗುಂಪಿಗೆ ಬಣ್ಣದ ಟೋಪಿ ಹೊಲಿಸಿಕೊಂಡಾಗ, "ಟೋಪಿ ಗಾಡಿ ಓಡಿಸುತ್ತಾ?" ಎಂದು ಮನೆಯೊಳಗೇ ಗೊಣಗಿದಳು. ಅವರಿಗೆ ಫೋನು ಮಾಡಿದಾಗ ಮಾತ್ರ ಚೆನ್ನಾಗಿದೆ ಎಂದಳು.

ಅಪ್ಪ ಅದಾದ ಮೇಲೆ ಕೆಲವು ವರ್ಷ ಇದ್ದ. ಒಂದು ಬೆಳಗಿನ ಜಾವ ನಿದ್ದೆಯಲ್ಲೇ ಹೋದ. ಅತ್ತೆ ಅವನ ಕಾಲ ಬಳಿ ಕೂತಿದ್ದಳು. ಬೆಳಕು ಹರಿಯುತ್ತಲೇ ಗಿಡದಕ್ಕ ಬಂದಳು. ಅತ್ತೆ ಅವಳ ಕೈ ಹಿಡಿದು ಮೊದಲು ಕೇಳಿದ್ದು, "ಇವತ್ತು ಇವನ ಜೊತೆ ಹೋಗೋರು ಇದ್ರಲ್ಲ, ಅವರನ್ನ ಯಾರು..."

"ಆಗಲೇ ಹೊರಟರು ಅಕ್ಕ. ಹೊಳೆಯಾಚೆಯವರ ಗಾಡಿಗಳು ಬಂದಿದ್ವು. ನೀವು ಕೂತ್ಕೊಳ್ಳಿ."

ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕದಿದ್ದ ಅತ್ತೆ, ಆಗ ಅತ್ತಳು.

ಈಗ ಗುಡ್ಡದ ಈಚೆಗೂ ಆಚೆಗೂ ಸೇರಿ ಅಂಥ ಗುಂಪುಗಳು ಬಹಳ ಆಗಿವೆ. ಕೆಲವು ಊರುಗಳಲ್ಲಿ ಚೆನ್ನಾಗಿ ನಡೆಯುತ್ತವೆ, ಕೆಲವು ಕಡೆ ಶುರುವಾಗಿ ನಿಂತು ಮತ್ತೆ ಶುರುವಾಗಿವೆ. ಹೊಸಬರು ಯಾರಾದರೂ ಬಂದರೆ ಅತ್ತೆಯ ಹತ್ತಿರ ಕಳಿಸುತ್ತಾರೆ. ಅವಳು ದೊಡ್ಡದೇನೂ ಹೇಳುವುದಿಲ್ಲ. ಬಾಗಿಲು ತೆಗೆದು, ಕುರ್ಚಿ ತೋರಿಸಿ, "ಬಂದೆಯಾ ಮಗಾ? ಊಟ ಆಯ್ತಾ?" ಎಂದು ಕೇಳುತ್ತಾಳೆ. ಉತ್ತರ ಬರುವವರೆಗೆ ಕಾಯುತ್ತಾಳೆ.

ಹೋದ ವಾರ ಕಾರು ಕಲಿತು ಇನ್ನೂ ಎರಡೇ ತಿಂಗಳಾದ ಹುಡುಗಿಯೊಬ್ಬಳು ಬಂದಿದ್ದಳು. ಗುಡ್ಡದ ತಿರುವುಗಳೆಂದರೆ ತನಗೆ ಭಯ ಎಂದಳು. ಅತ್ತೆ ಸ್ವಲ್ಪ ಯೋಚಿಸಿದಳು. "ಹಾಗಾದ್ರೆ ತಿರುವು ಬರೋವರೆಗೆ ಅವರನ್ನ ಕರ್ಕೊಂಡು ಹೋಗಿ ಬಿಡು, ಸಾಕು. ಅಲ್ಲಿಂದ ಗಿಡದಕ್ಕ ಕರ್ಕೋತಾಳೆ," ಎಂದಳು. ಹುಡುಗಿ ಒಪ್ಪಿ ಹೋದ ಮೇಲೆ ಗಿಡದಕ್ಕನಿಗೆ ಫೋನು ಮಾಡಿದಳು, ಅವಳಿಗೆ ಆಗುತ್ತದೆಯೋ ಇಲ್ಲವೋ ಎಂದು ಕೇಳಲು.